ಅಣ್ಣನ ಸಿನಿಮಾದಲ್ಲಿ ನನ್ನ ದನಿ

ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಅಣ್ಣ ತನ್ನದಲ್ಲದ ತಪ್ಪನ್ನು ತನ್ನದೆಂದು ಒಪ್ಪಿಕೊಂಡು ತಲೆ ತಗ್ಗಿಸಿ ನಿಂತಾಗ ನಾನು ಅವನ ಬೆನ್ನ ಹಿಂದೆಯೇ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದೆ. ಆ ತಪ್ಪು ನನ್ನದು. ಎದ್ದು ನಿಂತು "ನಾನ್ರಿ" ಎಂದಿದ್ದರೆ ಮುಗಿಯುತ್ತಿತ್ತು. ಅಂದು ಹೇಳಲಿಲ್ಲ. ಆಮೇಲೆಯೂ, ಅವನು ಬದುಕಿದ್ದಷ್ಟು ಕಾಲವೂ ಹೇಳಲಿಲ್ಲ. ಈ ಬೇಸಿಗೆಯಲ್ಲಿ ಅವನನ್ನು ಮಣ್ಣು ಮಾಡಿ ಬಂದೆವು.

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಬರೆದು ರೂಢಿಯಿಲ್ಲ. ಆದರೆ ನನ್ನ ತಪ್ಪನ್ನಷ್ಟೇ ಬರೆದು ಕೈ ತೊಳೆದುಕೊಂಡರೆ ಅದೂ ನನ್ನ ಬಗ್ಗೆಯೇ ಬರೆದ ಹಾಗಾಗುತ್ತದೆ. ಅವನು ಎಂಥವನಿದ್ದ ಎಂಬುದನ್ನು ಮೊದಲು ಹೇಳಬೇಕು.

ಇಳಕಲ್ಲಿನ ಥಿಯೇಟರಿನ ಎದುರಿಗೆ ಅವನ ಮಿರ್ಚಿ ಗಾಡಿ ಇತ್ತು. ನನ್ನ ಗಂಡ ತೀರಿಹೋದ ಮೇಲೆ ನಾನೂ ಅಲ್ಲಿಗೇ ಹೋಗತೊಡಗಿದೆ. ಅವನು ಕರಿಯುವುದು, ನಾನು ಹೆಚ್ಚುವುದು, ಚುರುಮುರಿಯ ಗಿರಮಿಟ್ ಕಲಸುವುದು. ಸಂಜೆಯ ಆಟಕ್ಕೆ ಇಂಟರ್ವಲ್ ಬಿಟ್ಟರೆ ಬಾಗಿಲಿನಿಂದ ಜನ ನೂಕಿಕೊಂಡು ಬಂದು ಗಾಡಿಯನ್ನು ಮುತ್ತಿಕೊಳ್ಳುತ್ತಿದ್ದರು. "ಇಂಟರ್ವಲ್ ನಮ್ಮದು, ಉಳದದ್ದೆಲ್ಲಾ ಅವರದು" ಎಂದು ಅಣ್ಣ ಹೇಳುತ್ತಿದ್ದ.

ಅವನು ಒಳಗೆ ಹೋಗಿ ಸಿನಿಮಾ ನೋಡುತ್ತಿದ್ದುದು ಕಡಿಮೆ. ಹೊರಗೆ ಬಂದವರ ಬಾಯಿಂದಲೇ ಅವನಿಗೆ ಎಲ್ಲ ತಿಳಿಯುತ್ತಿತ್ತು. ಅಳಿಸುವ ಚಿತ್ರವಾದರೆ ಜನ ಚಹಾ ಸಾಕು ಎನ್ನುತ್ತಾರೆ, ಗಂಟಲಲ್ಲಿ ಮಿರ್ಚಿ ಇಳಿಯುವುದಿಲ್ಲ. ಹೊಡೆದಾಟದ ಚಿತ್ರವಾದರೆ ಹಿಟ್ಟು ಸಾಲದು. ಇಂಟರ್ವಲ್ ಮುಗಿದ ಗಂಟೆ ಹೊಡೆದ ಮೇಲೂ "ಇನ್ನೊಂದು ಗಿರಮಿಟ್" ಎಂದು ಯಾರಾದರೂ ನಿಂತರೆ, ಆ ಚಿತ್ರ ಮುಂದಿನ ಶುಕ್ರವಾರ ಕಾಣುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದರೂ ಅವನು ಒಂದು ಚಿತ್ರವನ್ನೂ ಕೆಟ್ಟದ್ದು ಎಂದವನಲ್ಲ. ಟಿಕೇಟು ತೆಗೆಯುವ ಮುಂಚೆ ಯಾರಾದರೂ ಬಂದು, "ಕಾಕಾ, ಹೆಂಗೈತ್ರಿ ಪಿಕ್ಚರ್?" ಎಂದರೆ, "ಮಿರ್ಚಿ ಚಲೋ ಅದಾವ ನೋಡು" ಎನ್ನುತ್ತಿದ್ದ.

ನಾನು ಒಮ್ಮೆ ಕೇಳಿದೆ, "ಖರೇ ಹೇಳಿದ್ರ ಏನಾಕ್ಕೈತಿ ಅಣ್ಣಾ?"

"ಯಾರ್ಯಾರೋ ಬೆವರ ಸುರಿಸಿ ಮಾಡಿರ್ತಾರ ತಂಗಿ. ಇಲ್ಲಿ ನಿಂತು ನಾವ್ಯಾಕ ಅವರ ಒಲಿಗೆ ನೀರ ಹಾಕೂದು?"

ಈ ಮಾತು ಈಗ ನನ್ನನ್ನು ತಿನ್ನುತ್ತದೆ.

ಅವನಿಗೆ ನಾಟಕದ ಹುಚ್ಚು. ಕೆರೂರಿನಿಂದ, ಬಾದಾಮಿಯ ಕಡೆಯ ಹಳ್ಳಿಗಳಿಂದ ಮುದುಕನ ಪಾತ್ರಕ್ಕೆ ಅವನನ್ನೇ ಕರೆಯುತ್ತಿದ್ದರು. ಮೀಸೆ ಸರಿಯಾಗಿ ಬರುವ ಮುಂಚೆಯೇ ಮುದುಕನಾದವನು. ಬಸ್ ಸ್ಟ್ಯಾಂಡಿನಲ್ಲಿ ವಯಸ್ಸಾದವರು ಕಂಡರೆ ಅವರನ್ನೇ ನೋಡುತ್ತ ಬಸ್ಸು ತಪ್ಪಿಸಿಕೊಳ್ಳುತ್ತಿದ್ದ. "ಮುದುಕ ಕುಂಡರೂಕಿಂತ ಮೊದಲ ಅವನ ಕೈ ಕುಂಡರ್ತೈತಿ" ಎಂದು ನನಗೆ ತೋರಿಸಿಕೊಟ್ಟಿದ್ದ. ಖರೆ. ಕೈ ಮೊದಲು ಹೋಗಿ ಕಟ್ಟೆಯನ್ನು ಮುಟ್ಟಿ ನೋಡುತ್ತದೆ, ಆಮೇಲೆ ಮೈ ಇಳಿಯುತ್ತದೆ. ಅವನು ಗಾಡಿಯ ಹತ್ತಿರ ಹಾಗೆ ಕೂತು ತೋರಿಸಿದರೆ ನಮ್ಮ ವೈನಿ, ಅಂದರೆ ಅವನ ಹೆಂಡತಿ, "ಏಳ್ರಿ ಸಾಕು, ನಿಮ್ಮ ಜೋಡಿ ನಾನೂ ಮುದುಕಿ ಆದಂಗ ಆಕ್ಕೈತಿ" ಎಂದು ಬೈಯುತ್ತಿದ್ದಳು.

ಒಂದು ದಿನ ಹುನಗುಂದದ ಕಡೆಯ ಒಬ್ಬ ಹರೆಯದ ಹುಡುಗ ಮಿರ್ಚಿ ತಿನ್ನುತ್ತ ಇದನ್ನು ನೋಡಿದ. ನಮ್ಮ ಭಾಷೆಯಲ್ಲೇ, ನಮ್ಮ ಊರುಗಳಲ್ಲೇ ಒಂದು ಸಿನಿಮಾ ಮಾಡಬೇಕೆಂದು ಓಡಾಡುತ್ತಿದ್ದವನು. ಮನೆ ಬಿಟ್ಟು ಹೋದ ಮಗಳನ್ನು ಹುಡುಕಿಕೊಂಡು ಊರೂರು ಅಲೆಯುವ ಅಪ್ಪನ ಕತೆ. ಆ ಅಪ್ಪನ ಪಾರ್ಟು ಅಣ್ಣನಿಗೆ ಬಂತು.

ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ತೆಗೆದರು, ಕೆರೂರಿನ ಸಂತೆಯಲ್ಲಿ ತೆಗೆದರು. ಸಂತೆಯಲ್ಲಿ ಕ್ಯಾಮೆರಾವನ್ನು ಬಟ್ಟೆ ಅಂಗಡಿಯೊಳಗೆ ಮುಚ್ಚಿಟ್ಟಿದ್ದರಂತೆ. ಬದನೆಕಾಯಿ ಮಾರುವ ಒಬ್ಬ ಹೆಣ್ಣುಮಗಳು ಇವನನ್ನು ಖರೇನೇ ದಿಕ್ಕು ತಪ್ಪಿದ ಮುದುಕ ಎಂದುಕೊಂಡು, "ಯಪ್ಪಾ, ಯಾವೂರೋ ನಿಂದು? ಉಂಡೀಯಿಲ್ಲೋ?" ಎಂದು ತನ್ನ ಬುತ್ತಿಯ ರೊಟ್ಟಿಯನ್ನು ಮುರಿದು ಕೊಟ್ಟಳು. ಅಣ್ಣ ಅಲ್ಲೇ ಕೂತು ತಿಂದ. ಅದು ಹಾಗೆಯೇ ಸಿನಿಮಾದಲ್ಲಿ ಇದೆ. ಮುಂದಿನ ಸಂತೆಗೆ ಅಣ್ಣ ಮಿರ್ಚಿಯ ಪೊಟ್ಟಣ ಕಟ್ಟಿಕೊಂಡು ಕೆರೂರಿಗೆ ಹೋಗಿ ಅವಳನ್ನು ಹುಡುಕಿ ಕೊಟ್ಟು ಬಂದ. ಅವಳು ಬೈದಳಂತೆ: "ಎಲಾ ಇವನ, ನನ್ನ ರೊಟ್ಟಿ ತಿಂದು ನಾಟಕ ಮಾಡಿದ್ಯಲ್ಲೋ!" ಅದನ್ನು ಹೇಳಿ ಹೇಳಿ ನಗುತ್ತಿದ್ದ.

"ಕ್ಯಾಮೆರಾಕ್ಕ ಅಂಜಿಕಿ ಬರೂದಿಲ್ಲೇನ?" ಎಂದು ನಾನು ಕೇಳಿದ್ದೆ.

"ಎಣ್ಣಿ ಇದ್ದಂಗ ಅದು. ಕಾದಾಗಷ್ಟ ಬಿಡಬೇಕು. ಗಡಿಬಿಡಿ ಮಾಡಿದ್ರ ಹಸೀ ಉಳೀತೈತಿ."

ಸಿನಿಮಾ ಮೊದಲು ಬಾಗಲಕೋಟೆಯಲ್ಲಿ ಬಂತು. ಮುಂದಿನ ಶುಕ್ರವಾರ ನಮ್ಮ ಇಳಕಲ್ಲಿಗೆ ಎಂದು ಹೇಳಿದ್ದರು. ಗಾಡಿಯ ಎದುರಿನ ಗೋಡೆಗೆ ಅಣ್ಣನ ಮುಖದ ಪೋಸ್ಟರು ಬಿತ್ತು. ಅಣ್ಣ ಅದರ ಕಡೆ ನೇರವಾಗಿ ನೋಡುತ್ತಿರಲಿಲ್ಲ. ಹಿಟ್ಟು ಕಲಸುವಾಗ ಓರೆಗಣ್ಣಿನಿಂದ ನೋಡುತ್ತಿದ್ದ.

ಬಾಗಲಕೋಟೆಯ ಮೊದಲ ಆಟಕ್ಕೆ ನಮ್ಮ ಮನೆಯವರಿಗೆಲ್ಲ ಬಾಲ್ಕನಿಯ ಮುಂದಿನ ಸಾಲು. ವೈನಿ ಬರಲಿಲ್ಲ. ಮಗಳ ಬಾಣಂತನಕ್ಕೆ ಹುನಗುಂದಕ್ಕೆ ಹೋಗಿದ್ದಳು. "ಇಳಕಲ್ಲಿಗೆ ಬರ್ತೈತಲ್ಲ, ನಮ್ಮ ಥೇಟರಿನ್ಯಾಗ ನಿಮ್ಮ ಬಾಜೂಕ ಕುಂತು ನೋಡ್ತೇನಿ" ಎಂದು ಫೋನಿನಲ್ಲಿ ಹೇಳಿದಳು. ಅವ್ವನೂ ಬರಲಾರಳು. ಲಕ್ವ ಹೊಡೆದು ನನ್ನ ಮನೆಯಲ್ಲಿ ಮಲಗಿದ್ದಳು. ಮಾತು ಹೋಗಿತ್ತು. ಕಣ್ಣು ಮಾತ್ರ ಮಾತಾಡುತ್ತಿದ್ದವು. ಬಸ್ಸು ಹತ್ತುವಾಗ ಅಣ್ಣ ಹೇಳಿದ, "ಅವ್ವಗ ತೋರಸಾಕ ಆಗಲಿಲ್ಲಲ್ಲ ತಂಗಿ."

ನನಗೆ ಅಷ್ಟು ಮಾತು ಸಾಕಾಯಿತು.

ಬಾಲ್ಕನಿಯ ಕಟ್ಟೆಯ ಮೇಲೆ ನನ್ನ ಕೈಚೀಲ ಇಟ್ಟು, ಅದಕ್ಕೆ ಫೋನು ಆನಿಸಿ, ಚಿತ್ರವನ್ನು ಪೂರಾ ತೆಗೆದೆ. ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ಫೋನು ಎತ್ತಿ ಹಿಡಿದು ಸೀಟಿ ಹೊಡೆಯುತ್ತಿದ್ದರು. ಅವರು ಸ್ವಲ್ಪ ಹೊತ್ತು ತೆಗೆದು ಕಿಸೆಗೆ ಹಾಕಿಕೊಂಡರು, ನಾನು ತೆಗೆಯುತ್ತಲೇ ಇದ್ದೆ. ಪರದೆಯ ಮೇಲೆ ಅಣ್ಣ ಬಸ್ಸಿನಿಂದ ಇಳಿದಾಗ ನನಗೆ ತಡೆಯಲಾಗಲಿಲ್ಲ. ಅವ್ವ ಎದುರಿಗೇ ಮಲಗಿದ್ದಾಳೆ ಎಂಬಂತೆ ಫೋನಿಗೆ ಬಾಗಿ ಹೇಳಿದೆ: "ಬಂದ ನೋಡಬೇ, ಬಂದ!"

ಮರುದಿನ ಟೀವಿಯಲ್ಲಿ ಹಾಕಿ ತೋರಿಸಬೇಕೆಂದು ಪೇಟೆಯ ಮೊಬೈಲ್ ಅಂಗಡಿಗೆ ಹೋದೆ. "ಟೀವ್ಯಾಗ ಬರೂಹಂಗ ಹಾಕಿ ಕೊಡ್ರಿ, ನಮ್ಮವ್ವ ನೋಡಬೇಕು" ಎಂದೆ. ಅಂಗಡಿಯವನು, "ಸಂತಿ ಮಾಡ್ಕೊಂಡು ಬರ್ರಿ ಅಕ್ಕಾರ, ಅಷ್ಟರಾಗ ಆಗಿರ್ತೈತಿ" ಎಂದ. ಫೋನು ಅವನ ಕೈಯಲ್ಲಿ ಕೊಟ್ಟು ಮೆಂತ್ಯೆ, ಸಬ್ಬಸಗಿ ಕೊಳ್ಳುತ್ತ ತಿರುಗಿದೆ. ಅವನು ನನಗೊಂದು ಪೆನ್‌ಡ್ರೈವಿಗೆ ಹಾಕಿಕೊಟ್ಟ, ತನಗೊಂದು ಇಟ್ಟುಕೊಂಡ. ಇದು ನನಗೆ ಆಮೇಲೆ ಗೊತ್ತಾಯಿತು. ಅವನನ್ನು ಎಷ್ಟು ಬೈದರೂ ಅವನ ಕೈಗೆ ಕೊಟ್ಟವಳು ನಾನೇ.

ಅವ್ವ ನೋಡಿದಳು. ಟೀವಿಯಲ್ಲಿ ಅಣ್ಣ ಬಂದಾಗ ಅವಳ ಮುಖದ ಒಂದು ಬದಿ ನಕ್ಕಿತು. ಇನ್ನೊಂದು ಬದಿಗೆ ನಗಲು ಬರುತ್ತಿರಲಿಲ್ಲ, ಆ ಕಣ್ಣಿನಿಂದ ನೀರು ಇಳಿಯಿತು. ಅದನ್ನು ನಾನು ಮರೆಯಲಾರೆ. ನೋಡಬಾರದಿತ್ತು ಎನ್ನಲೂ ನನ್ನಿಂದ ಆಗುವುದಿಲ್ಲ.

ಶುಕ್ರವಾರ ಇಳಕಲ್ಲಿಗೆ ಸಿನಿಮಾ ಬಂತು. ಅಣ್ಣ ಹೊಸ ಅಂಗಿ ತೊಟ್ಟು ಗಾಡಿ ಹಚ್ಚಿದ, ದಿನಕ್ಕಿಂತ ಹೆಚ್ಚು ಹಿಟ್ಟು ಕಲಸಿದ. ಆಟ ಶುರುವಾಗುವ ಹೊತ್ತಾದರೂ ಬಾಗಿಲ ಹತ್ತಿರ ಜನವೇ ಇಲ್ಲ. ಇಬ್ಬರು ಹುಡುಗರು ಗಾಡಿಗೆ ಬಂದು ಮಿರ್ಚಿ ಹೇಳಿ, ಫೋನನ್ನು ನನ್ನ ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸಿದರು.

"ಕಾಕಾ, ಇದು ನೀವ ಅಲ್ಲೇನ್ರಿ? ಏ, ಖರೇನ ನೀವ! ಭಾರಿ ಮಾಡೀರಿ ಬಿಡ್ರಿ."

ಅಣ್ಣ ನಕ್ಕ. "ಎದುರಿಗೇ ಐತಿ. ಒಳಗ ಹೋಗಿ ನೋಡ್ರಲೇ."

"ಇದರಾಗ ಪುಕ್ಕಟ ಬಂದೈತಲ್ರಿ ಕಾಕಾ. ಊರ ಮಂದಿ ಎಲ್ಲಾರ ಕಡೆ ಐತಿ."

ಅವರು ಕುಹಕಕ್ಕೆ ಹೇಳಲಿಲ್ಲ. ಹೆಮ್ಮೆಯಿಂದಲೇ ತೋರಿಸಿದರು. ಅಷ್ಟರಲ್ಲಿ ಆ ಸಣ್ಣ ಫೋನಿನೊಳಗಿಂದ, ಅಣ್ಣನ ಪೋಸ್ಟರಿನ ಎದುರಿಗೆ, ನನ್ನ ದನಿ ಬಂತು: "ಬಂದ ನೋಡಬೇ, ಬಂದ!"

ಅಣ್ಣನ ಕೈಯಲ್ಲಿನ ಸೌಟು ನಿಂತಿತು. ನನ್ನ ಕಡೆ ಒಮ್ಮೆ ನೋಡಿದ. ಸಿಟ್ಟಿರಲಿಲ್ಲ. ಏನೋ ಲೆಕ್ಕ ತಾಳೆ ಹಾಕುವವನ ಹಾಗೆ ನೋಡಿದ. ಎಣ್ಣೆಯಲ್ಲಿದ್ದ ಮಿರ್ಚಿ ಕರ್ರಗಾದವು. ಅವನು ಮಿರ್ಚಿ ಹೊತ್ತಿಸಿದ್ದನ್ನು ನಾನು ಮೊದಲು ಕಂಡದ್ದು ಅಂದೇ. ಅವನ್ನು ತೆಗೆದು ಬದಿಗೆ ಚೆಲ್ಲಿ, ಬೇರೆ ಕರಿದು ಹುಡುಗರಿಗೆ ಕೊಟ್ಟ.

ಸಂಜೆ ಗಾಡಿ ಮುಚ್ಚಿ ನನ್ನ ಮನೆಗೆ ಬಂದು ಅವ್ವನ ಕಾಲ ಹತ್ತಿರ ಕೂತ. ನಾನು ಬೈಗುಳಕ್ಕೆ ಕಾದು ನಿಂತಿದ್ದೆ.

"ಅವ್ವ ನೋಡಿದಳೇನ?"

"ಹೂಂ."

"ನಕ್ಕಳೇನ?"

"ಹೂಂ ಅಣ್ಣಾ."

ಅಷ್ಟೇ. ಚಹಾ ಕುಡಿದು ಎದ್ದು ಹೋದ. ಆ ವಿಷಯವಾಗಿ ನಮ್ಮಿಬ್ಬರ ನಡುವೆ ಆದ ಮಾತು ಇಷ್ಟೇ, ಜೀವಮಾನಕ್ಕೆ.

ಸೋಮವಾರ ವೈನಿ ಹುನಗುಂದದಿಂದ ಹೊಸ ಸೀರೆ ತೆಗೆದಿಟ್ಟುಕೊಂಡು ಬಂದಳು. ಥಿಯೇಟರಿನಲ್ಲಿ ಆಗಲೇ ಬೇರೆ ಚಿತ್ರ ಹಾಕಿದ್ದರು. ಮಕ್ಕಳು ಫೋನಿನಲ್ಲಿ ತೋರಿಸುತ್ತೇವೆ ಎಂದಾಗ ಅಣ್ಣ ಎಂದೂ ಏರಿಸದ ದನಿಯನ್ನು ಏರಿಸಿದ: "ನನ್ನ ಪಿಕ್ಚರ್ ಫೋನಿನ್ಯಾಗ ನೋಡೋರು ನನ್ನ ಹೊಸ್ತಿಲಾ ದಾಟಬ್ಯಾಡ್ರಿ." ಅಭಿಮಾನಕ್ಕೆ ಹೇಳಿದ ಎಂದು ಎಲ್ಲರೂ ತಿಳಿದರು. ನನ್ನ ದನಿ ವೈನಿಯ ಕಿವಿಗೆ ಬೀಳಬಾರದೆಂದು ಹೇಳಿದ. ನನಗೆ ಗೊತ್ತಿತ್ತು.

ಸ್ವಲ್ಪ ದಿನಕ್ಕೆ ಆ ಹುಡುಗ, ಡೈರೆಕ್ಟರು, ಗಾಡಿಗೆ ಬಂದ. ಮುಖ ಇಳಿದುಹೋಗಿತ್ತು. ಬೇರೆ ಊರುಗಳಲ್ಲಿ ಹಾಕುತ್ತೇವೆ ಎಂದಿದ್ದ ಥಿಯೇಟರಿನವರು ಬೇಡ ಎಂದಿದ್ದರು. ಮೊಬೈಲಿನಲ್ಲಿ ತೋರಿಸುವ ಕಂಪನಿಯವರೂ, ಊರಿಗೆಲ್ಲ ಹಂಚಿದ್ದನ್ನು ನಾವೇಕೆ ಕೊಳ್ಳೋಣ ಎಂದರಂತೆ.

"ಕಾಕಾ, ಬಾಗಲಕೋಟ್ಯಾಗ ತಗದದ್ದು ಅದು. ಬಾಲ್ಕನಿ ಮುಂದಿನ ಸಾಲಿನಿಂದ. ಅಲ್ಲಿ ನಮ್ಮವರ ಕುಂತಿದ್ರು. ಒಬ್ಬ ಹೆಣ್ಮಗಳ ದನಿ ಕೇಳ್ತೈತಿ. ಅದನ್ನ ಎಷ್ಟ ಸಲ ಕೇಳೇನೋ ನಾ. ಯಾರ್ರಿ ಆಕಿ?"

ನನ್ನ ಕೈಯಲ್ಲಿ ಚಾಕು ಇತ್ತು, ಕಣ್ಣಲ್ಲಿ ನೀರಿತ್ತು. ಉಳ್ಳಾಗಡ್ಡಿ ಹೆಚ್ಚುವವಳ ಕಣ್ಣೀರನ್ನು ಯಾರು ಕೇಳುತ್ತಾರೆ?

ಅಣ್ಣ ಹೇಳಿದ, "ನನ್ನ ಕಡಿಂದ ಆತ್ರಿ ಅದು. ನಾನ ಹೇಳಿ ತಗಿಸೇನಿ."

"ನೀವಾ?"

"ಹೂಂ. ಯಾರ ಕಡೆಯಿಂದ ಅಂತ ಕೇಳಬ್ಯಾಡ್ರಿ. ನಾನ ಅಂತ ತಿಳ್ಕೋರಿ."

ಹುಡುಗ ಗಾಡಿಯ ಅಂಚಿನಿಂದ ಕೈ ತೆಗೆದ. "ಮುಂದಿನ ಪಿಕ್ಚರ್ ನಿಮಗಂತನ ಬರದಿದ್ದೆ ಕಾಕಾ. ಮೊದಲಿಂದ ಕಡೀತನಾ ನೀವ ಇದ್ರಿ ಅದರಾಗ."

ಅಣ್ಣ ಅವನಿಗಾಗಿ ಮಿರ್ಚಿ ತೆಗೆದು ಕಾಗದದ ಮೇಲೆ ಇಟ್ಟಿದ್ದ. ಅದನ್ನು ಮುಟ್ಟದೆ ಹೋದ.

ನಾನು ಏಳಬೇಕಾಗಿದ್ದುದು ಆಗಲೇ. ರಸ್ತೆ ದಾಟುವ ಮುಂಚೆ ಓಡಿಹೋಗಿ ಹಿಡಿಯಬಹುದಿತ್ತು. ಅಂದಿನ ಲೆಕ್ಕದ ಉಳ್ಳಾಗಡ್ಡಿ ಹೆಚ್ಚಿ ಮುಗಿದಿದ್ದವು. ಇನ್ನೊಂದು ತೆಗೆದುಕೊಂಡು ಹೆಚ್ಚತೊಡಗಿದೆ.

ಆಮೇಲಿನ ವರ್ಷಗಳು ನನಗೆ ಹೆಚ್ಚು ಕಷ್ಟದವು. "ಬಂದ ನೋಡಬೇ, ಬಂದ!" ಎಂಬುದು ಊರಿನ ನಗೆಮಾತಾಯಿತು. ಕಟ್ಟೆಯ ಮೇಲೆ ಕೂತ ಹುಡುಗರು ಗೆಳೆಯ ಬಂದರೆ ಹಾಗೆ ಕೂಗುತ್ತಿದ್ದರು. ಸಾಲ ಕೇಳುವವನು ಬಂದರೂ, ಮಾಸ್ತರ ಬಂದರೂ ಅದೇ. ಅಣ್ಣ ಗಾಡಿ ತಳ್ಳಿಕೊಂಡು ಬಂದರಂತೂ ತಪ್ಪದೆ ಕೂಗುತ್ತಿದ್ದರು. ಅವನು ಕೈ ಎತ್ತಿ ನಗುತ್ತಿದ್ದ. ವೈನಿಯ ಕಿವಿಗೆ ಬಿದ್ದದ್ದು ಹುಡುಗರ ಕೂಗಷ್ಟೇ, ಫೋನಿನೊಳಗಿನ ದನಿಯನ್ನು ಅವಳು ಕೇಳಿರಲಿಲ್ಲ. ಹುನಗುಂದದ ಬಸ್ಸಿನಲ್ಲಿ ಒಮ್ಮೆ ನನ್ನ ಹಿಂದಿನ ಸೀಟಿನಲ್ಲಿ ಯಾರದೋ ಫೋನಿನಿಂದ ಆ ದನಿ ಬಂದಾಗ ನಾನು ನಡುದಾರಿಯಲ್ಲೇ ಇಳಿದುಬಿಟ್ಟೆ. ಅದು ಎಲ್ಲಿಂದ ಬರುತ್ತದೋ ಹೇಳಲಾಗುವುದಿಲ್ಲ. ಕಟಿಂಗ್ ಅಂಗಡಿಯಿಂದ ಬರುತ್ತದೆ, ದವಾಖಾನೆಯ ಸಾಲಿನಿಂದ ಬರುತ್ತದೆ. ಅಳಿಸಲು ಬರುವುದಿಲ್ಲವಂತೆ. ನಾನು ಸತ್ತ ಮೇಲೂ ಆ ದನಿ ಹಾಗೆ ತಿರುಗುತ್ತಿರುತ್ತದೆ.

ಅಣ್ಣ ತಪ್ಪು ಒಪ್ಪಿಕೊಂಡ ಮಾತು ವೈನಿಗೆ ಹೇಗೋ ತಿಳಿಯಿತು. ನನ್ನ ಎದುರಿಗೇ ಅವನನ್ನು ಚುಚ್ಚುತ್ತಿದ್ದಳು. "ಊರ ಮಂದಿ ಒಲಿಗೆ ನೀರ ಹಾಕಬಾರದು ಅಂತಿದ್ರಿ. ನಿಮ್ಮ ಒಲಿಗೆ ನೀವ ಹಾಕ್ಕೊಂಡ್ರಿ. ನನಗರ ಒಂದಿನ ತೋರಸಿದ್ರೇನು?" ಅಣ್ಣ, "ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತೋ ಏನೋ" ಎನ್ನುತ್ತಿದ್ದ. ನಾನು ಚಹಾದ ಬಟ್ಟಲು ಹಿಡಿದು ಕೂತಿರುತ್ತಿದ್ದೆ.

ಆ ಎರಡನೆಯ ಸಿನಿಮಾ ಬಂತು. ಅಣ್ಣನಿಗೆಂದು ಬರೆದಿದ್ದ ಪಾತ್ರದಲ್ಲಿ ಧಾರವಾಡದ ಕಡೆಯ ಯಾರೋ ಇದ್ದರು. ಅಣ್ಣ ಗಾಡಿ ನನ್ನ ಮೇಲೆ ಬಿಟ್ಟು, ಬಾಗಲಕೋಟೆಗೆ ಹೋಗಿ ಟಿಕೇಟು ತೆಗೆದು ನೋಡಿ ಬಂದ. ಕೈಕಾಲು ತೊಳೆದು ಸೌಟು ಹಿಡಿದ ಮೇಲೆ ಹೇಳಿದ, "ಚಲೋ ಮಾಡ್ಯಾನ. ಆದ್ರ ಕುಂಡರೂದು ಬರೂದಿಲ್ಲ ಅವಗ." ಒಂದು ಸಿನಿಮಾದ ಬಗ್ಗೆ ಅವನು ಆಡಿದ ಒಂದೇ ಕೊಂಕು ಮಾತು ಅದು. ಆ ಚಿತ್ರವೂ ಅದೇ ವಾರ ಫೋನುಗಳಿಗೆ ಬಂತು. ಆ ಹುಡುಗ ಈಗ ಬಾಗಲಕೋಟೆಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಾನೆ. ನಮ್ಮ ಥಿಯೇಟರು ಮುಚ್ಚಿ ಒಳಗೆ ಸಿಮೆಂಟಿನ ಚೀಲ ಒಟ್ಟಿದ್ದಾರೆ. ಅಣ್ಣ ಗಾಡಿಯನ್ನು ಬಸ್ ಸ್ಟ್ಯಾಂಡಿಗೆ ಒಯ್ದ. ಅಲ್ಲಿ ಗಿರಾಕಿ ಇದ್ದಾರೆ. ಆದರೆ ಇಂಟರ್ವಲ್ ಇಲ್ಲ.

ಈ ಬೇಸಿಗೆಯಲ್ಲಿ ಅವನಿಗೆ ಎದೆ ಹಿಡಿಯಿತು. ದವಾಖಾನೆಗೆ ಒಯ್ಯುವಾಗ ಬಾಡಿಗೆ ಕಾರಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಈಗ ಹೇಳು, ಈಗ ಹೇಳು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಅವನು ಕಣ್ಣು ತೆರೆದು, "ಎಣ್ಣಿ ಮ್ಯಾಲ ಮುಚ್ಚಿ ಬಂದಿಯಿಲ್ಲೋ?" ಎಂದ. "ಮುಚ್ಚೇನಿ" ಎಂದೆ. ಬಾಗಲಕೋಟೆ ಮುಟ್ಟುವ ಮುಂಚೆ ಹೋದ.

ಬಂದುಹೋಗುವವರೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಒಂದು ಮಧ್ಯಾಹ್ನ ವೈನಿ ಹೇಳಿದಳು, "ನಾ ಅವರ ಪಿಕ್ಚರ್ ಒಮ್ಮಿನೂ ನೋಡಿಲ್ಲ. ಇನ್ನ ಬ್ಯಾಡ ಅನ್ನಾಕ ಅವರಿಲ್ಲ. ಹಚ್ಚು." ಹುನಗುಂದದ ಮಗಳು ಫೋನಿನಲ್ಲಿ ಹುಡುಕಿ ಟೀವಿಗೆ ಹಚ್ಚಿದಳು. ನಾನು ಎದ್ದು ಹೋಗಬಹುದಿತ್ತು. ವೈನಿ ನನ್ನ ಕೈ ಹಿಡಿದು ಬದಿಗೆ ಕೂಡಿಸಿಕೊಂಡಳು. ಸೆರಗು ಸರಿ ಮಾಡಿಕೊಂಡಳು.

ಅಣ್ಣ ಬಸ್ಸಿನಿಂದ ಇಳಿದ. ನನ್ನ ದನಿ ಬಂತು.

ವೈನಿ ಹಿಡಿದಿದ್ದ ಕೈಯನ್ನು ಬಿಟ್ಟಳು. ಮಗಳಿಗೆ, "ನಿಲ್ಲಸು" ಎಂದಳು. ಪರದೆಯ ಮೇಲೆ ಅಣ್ಣ ನಿಂತ.

"ಇದು ನಿನ್ನ ದನಿ."

"ಹೂಂ ವೈನಿ. ಅವ್ವಗ ತೋರಸಾಕ ತಗದಿದ್ದೆ. ಅಣ್ಣಗ ಗೊತ್ತಿದ್ದಿಲ್ಲ."

"ಎಷ್ಟ ವರ್ಷ ಅಂದೇನಿ ನಾ ಅವರಿಗೆ. ಅನ್ನಬಾರದ್ದೆಲ್ಲಾ ಅಂದೇನಿ. ನೀ ಇಲ್ಲೇ ಚಾ ಕುಡಕೋತ ಕುಂತಿರ್ತಿದ್ದಿ."

ನಾನು ಅವಳ ಕಾಲಿಗೆ ಬಾಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನಗ ಬ್ಯಾಡ. ಯಾರ ಮುಂದ ಅವರು ತಲಿ ತಗ್ಗಿಸಿ ನಿಂತಿದ್ರೋ ಅವಗ ಹೇಳು."

ಗೂಡಿನಲ್ಲಿದ್ದ ಅಣ್ಣನ ಫೋನು ತೆಗೆದು, ಮಗಳಿಂದ ಆ ಹುಡುಗನ ನಂಬರು ಹಚ್ಚಿಸಿ, ನನ್ನ ಕೈಯಲ್ಲಿಟ್ಟಳು. ಅವನಿಗೆ ಅಣ್ಣ ಹೋದದ್ದು ಗೊತ್ತೇ ಇರಲಿಲ್ಲ. ನಂಬರು ನೋಡಿ ಖುಷಿಯಿಂದ ಎತ್ತಿದ.

"ಕಾಕಾ! ಎಷ್ಟ ದಿನಾತ್ರಿ! ನಾನ ಮಾಡಬೇಕಂತಿದ್ದೆ, ಮನಸ ಆಗಲಿಲ್ಲ. ಹೆಂಗಿದ್ದೀರಿ?"

"ಕಾಕಾ ಅಲ್ರಿ" ಎಂದೆ.

ಅತ್ತ ಕಡೆ ಒಮ್ಮೆಗೇ ಸುಮ್ಮನಾಯಿತು. ನನ್ನ ಹೆಸರು, ಗುರುತು ಏನೂ ಅವನಿಗೆ ಬೇಕಾಗಲಿಲ್ಲ. ಆ ದನಿಯನ್ನು ಅವನು ಎಷ್ಟೋ ಸಲ ಕೇಳಿದ್ದ. ವೈನಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾ ಅವರ ತಂಗಿರಿ. ಅಣ್ಣ ತೀರಿಕೊಂಡ್ರಿ. ಅವತ್ತ ಅಂವ ನಿಮ್ಮ ಮುಂದ ಸುಳ್ಳ ಹೇಳಿದ್ನಿರಿ. ತಗದಾಕಿ ನಾನ. ಅಂಗಡಿಯವನ ಕೈಯಾಗ ಕೊಟ್ಟಾಕಿನೂ ನಾನ. ಅಂವ ನಿಮಗ ದ್ರೋಹ ಮಾಡಿಲ್ರಿ, ನಾ ಇಬ್ಬರಿಗೂ ಮಾಡೇನಿ. ತಪ್ಪಾತ್ರಿ ಸರ. ತಪ್ಪಾತು ವೈನಿ. ಅಣ್ಣಾ, ತಪ್ಪಾತೋ."